ಐವತ್ತೆಂಟರಲ್ಲಿ ಆರಂಭವಾದ ಅಕ್ಷರಕಾಯಕ

ಹಿಂದಿನ ಸಂಚಿಕೆಯ ನನ್ನ ಲೇಖನವನ್ನೋದಿದ ನಿವೃತ್ತ ಶಿಕ್ಷಕಿಯೊಬ್ಬರು ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಮೂವತ್ತಕ್ಕೂ ಮಿಕ್ಕಿ ವರ್ಷ ಪ್ರಾಥಮಿಕ ಶಾಲೆಯಲ್ಲಿ ದುಡಿದು ಮನೆ ಸೇರಿರುವ ಆ ತಾಯಿಗೆ ತಮ್ಮ ಓಣಿಯ ನಾಲ್ಕಾರು ಹೆಂಗಸರಿಗೆ ಅಕ್ಷರ ಕಲಿಸುವ ಹಂಬಲ. ಒಂದನೆಯ ತರಗತಿಯ ಪುಸ್ತಕವನ್ನೇ ತಂದಿಟ್ಟುಕೊಂಡು, ಮಕ್ಕಳಿಗೆ ತಿದ್ದಿಸುವಂತೆಯೇ ತಿದ್ದಿಸತೊಡಗಿದಾಗ, ಎರಡನೆಯ ವಾರಕ್ಕೆ ಆ ಹೆಂಗಸರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರಂತೆ. “ದೊಡ್ಡವರಿಗೆ ಕಲಿಸುವ ವಿದ್ಯೆಯನ್ನು ನನಗೆ ಯಾರೂ ಕಲಿಸಲಿಲ್ಲ. ಈ ವಯಸ್ಸಿನಲ್ಲಿ ಅದನ್ನು ಕಲಿಯಲಾದೀತೆ?” ಎಂಬುದು ಅವರ ಪ್ರಶ್ನೆ.

ವ್ಯಾಕರಣ, ಛಂದಸ್ಸುಗಳ ಪಾಠ ಹೇಳಿಕೊಂಡು ಬಂದ ನನಗೆ ಈ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರವಿಲ್ಲ. ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ತಿಳಿದದ್ದು ಒಂದೇ ಕ್ರಮ. ಗುರುಗಳು ಹೇಳಬೇಕು, ಶಿಷ್ಯರು ಒಪ್ಪಿಸಬೇಕು. ಆದರೆ ಆ ಪತ್ರವನ್ನೋದುತ್ತಿದ್ದಂತೆ ನನ್ನ ನೆನಪಿಗೆ ಬಂದದ್ದು ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಶಿಕ್ಷಕಿಯೊಬ್ಬರ ಜೀವನ. ಅವರ ಹೆಸರು ಸೆಪ್ಟಿಮಾ ಪೊಯಿನ್ಸೆಟ್ ಕ್ಲಾರ್ಕ್. ಮಾರ್ಟಿನ್ ಲೂಥರ್ ಕಿಂಗ್ ಎಂಬ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಆ ಮಹನೀಯರು ನಡೆಸಿದ ಹೋರಾಟದ ಅಡಿಪಾಯಕ್ಕೆ ಕಲ್ಲು ಹೊತ್ತ ಈ ಮಹಾತಾಯಿಯ ಹೆಸರನ್ನು ಕೇಳಿದವರೂ ಅಷ್ಟೇ ವಿರಳ.

ಸೆಪ್ಟಿಮಾ ಹುಟ್ಟಿದ್ದು 1898ರ ಮೇ 3ರಂದು, ಚಾರ್ಲ್ಸ್‌ಟನ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಪೀಟರ್ ಪೊಯಿನ್ಸೆಟ್ ಗುಲಾಮರಾಗಿಯೇ ಹುಟ್ಟಿದವರು. ತಾಯಿ ವಿಕ್ಟೋರಿಯಾ ಬಾಲ್ಯವನ್ನು ಹೈಟಿ ದೇಶದಲ್ಲಿ ಕಳೆದವರು. ಪರರ ಬಟ್ಟೆ ಒಗೆದು ಮಕ್ಕಳನ್ನು ಸಾಕಿದರೂ, ತಾನು ಯಾರ ಮನೆಯ ಆಳೂ ಆಗಿದ್ದವಳಲ್ಲವೆಂಬ ಅಭಿಮಾನ ಆಕೆಗಿತ್ತು. ಇಂತಹ ಬಡ ಸಂಸಾರದ ಹುಡುಗಿ 1916ರಲ್ಲಿ ಏವರಿ ನಾರ್ಮಲ್ ಇನ್‌ಸ್ಟಿಟ್ಯೂಟ್ ಎಂಬ ಶಿಕ್ಷಕರ ವಿದ್ಯಾಲಯದಿಂದ ತೇರ್ಗಡೆಯಾಗಿ ಹೊರಬಂದಳು. ಮುಂದೆ ಓದುವುದಕ್ಕೆ ಮನೆಯಲ್ಲಿ ಹಣವಿಲ್ಲ. ಊರಿನಲ್ಲಿಯೇ ಪಾಠ ಹೇಳೋಣವೆಂದರೆ, ಚಾರ್ಲ್ಸ್‌ಟನ್ನಿನ ಸರಕಾರಿ ಶಾಲೆಗಳಲ್ಲಿ ಕಪ್ಪುಜನರ ಮಕ್ಕಳಿಗೂ ಬಿಳಿಯರೇ ಪಾಠ ಹೇಳಬೇಕು; ಕಪ್ಪುಜನರಿಗೆ ಅಲ್ಲಿ ಶಿಕ್ಷಕ ಹುದ್ದೆ ನಿಷಿದ್ಧ. ಹೀಗಾಗಿ ಹದಿನೆಂಟರ ಆ ತರುಣಿ ದೋಣಿಯೇರಿ, ಸೇತುವೆಯಿಲ್ಲದ ಜಾನ್ಸ್ ದ್ವೀಪಕ್ಕೆ ಹೋಗಬೇಕಾಯಿತು.

ಆ ದ್ವೀಪದ ಶಾಲೆಯ ಸ್ಥಿತಿಯನ್ನು ಆಕೆ ತಮ್ಮ ಜೀವನಕಥನದಲ್ಲಿ ವಿವರವಾಗಿ ಹೇಳಿಕೊಂಡಿದ್ದಾರೆ. ನೂರ ಮೂವತ್ತೆರಡು ಮಕ್ಕಳಿಗೆ ಇಬ್ಬರೇ ಶಿಕ್ಷಕಿಯರು. ಆ ಇಬ್ಬರಲ್ಲಿ ಮುಖ್ಯೋಪಾಧ್ಯಾಯಿನಿಯೆನಿಸಿದ ಸೆಪ್ಟಿಮಾಗೆ ತಿಂಗಳಿಗೆ 35 ಡಾಲರ್ ಸಂಬಳ. ರಸ್ತೆಯ ಆಚೆಗೆ ಬಿಳಿಯರ ಶಾಲೆಯೊಂದಿತ್ತು; ಅಲ್ಲಿ ಮೂವರು ಮಕ್ಕಳು, ಅವರ ಶಿಕ್ಷಕಿಗೆ 85 ಡಾಲರ್. ಹೊಲಗಳಲ್ಲಿ ಕೆಲಸವಿರುವಷ್ಟು ಕಾಲ ಕಪ್ಪುಮಕ್ಕಳು ಶಾಲೆಯತ್ತ ಸುಳಿಯುವಂತಿರಲಿಲ್ಲ. ಕಪ್ಪುಹಲಗೆಯಿಲ್ಲದ ಆ ಕೋಣೆಯಲ್ಲಿ ಬಟ್ಟೆ ಶುಚಿಗೊಳಿಸುವ ಅಂಗಡಿಯ ಕಾಗದದ ಚೀಲಗಳನ್ನು ಬಿಡಿಸಿ, ಅವುಗಳ ಮೇಲೆ ಪಾಠ ಬರೆದು ಗೋಡೆಗೆ ತೂಗುಹಾಕುತ್ತಿದ್ದರು. ಅಲ್ಲಿನ ಜನ ಆಡುತ್ತಿದ್ದುದು ಆಫ್ರಿಕದ ನುಡಿಗಳ ಛಾಯೆಯುಳ್ಳ ಗಲ್ಲಾ ಎಂಬ ಆಡುಮಾತು. ಪುಸ್ತಕದ ಇಂಗ್ಲಿಷು ಆ ಮಕ್ಕಳಿಗೆ ಪರಭಾಷೆಯಂತೆಯೇ ಇತ್ತು. ಆದುದರಿಂದ ಮಕ್ಕಳು ತಮ್ಮ ಬಾಯಲ್ಲಿ ಹೇಳಿದ ಸಂಗತಿಗಳನ್ನೇ ಬರೆದು, ಅದನ್ನೇ ಓದಿಸುವ ಉಪಾಯವನ್ನು ಆಕೆ ಕಂಡುಕೊಂಡರು.

ಹಗಲು ಮಕ್ಕಳಾದರೆ, ರಾತ್ರಿ ದೊಡ್ಡವರು. ಇದು ಯಾವ ಇಲಾಖೆಯ ಆಜ್ಞೆಯೂ ಅಲ್ಲ. ದ್ವೀಪದ ಗಂಡಸರು ತಮ್ಮ ಸಂಘದ ಸಭೆಗಳಲ್ಲಿ ನಾಲ್ಕು ಮಾತು ಆಡಬೇಕಾಗಿತ್ತು. ಭಾಷಣ ಬರೆದುಕೊಡಿರೆಂದು ಈ ಹುಡುಗಿಯ ಬಳಿಗೆ ಬಂದರು. ಆಕೆ ಬರೆದುಕೊಟ್ಟು, ಬಾಯಿಪಾಠ ಮಾಡಿಸಿದರು. ಸ್ವಲ್ಪ ದಿನದಲ್ಲಿಯೇ, ಬಾಯಿಪಾಠ ಮಾಡಿದ್ದನ್ನು ತಾವೇ ಓದಬೇಕೆಂಬ ಆಸೆ ಆ ಗಂಡಸರಿಗೆ ಹುಟ್ಟಿತು. ವಯಸ್ಕರ ಶಿಕ್ಷಣದ ಮೊದಲ ಪಾಠವನ್ನು ಸೆಪ್ಟಿಮಾ ಕಲಿತದ್ದು ಅಲ್ಲಿ. ಆದರೆ ತಾನು ಕಲಿತದ್ದು ಎಷ್ಟು ದೊಡ್ಡದೆಂಬುದು ಆಕೆಗೇ ತಿಳಿಯಲು ನಲವತ್ತು ವರ್ಷ ಬೇಕಾಯಿತು.

ಆ ನಲವತ್ತು ವರ್ಷಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1919ರಲ್ಲಿ ಚಾರ್ಲ್ಸ್‌ಟನ್ನಿಗೆ ಮರಳಿ, ತಾವು ಕಲಿತ ಏವರಿ ಶಾಲೆಯಲ್ಲಿಯೇ ಶಿಕ್ಷಕಿಯಾದರು. ಕಪ್ಪುಜನರ ಹಕ್ಕುಗಳಿಗಾಗಿ 1909ರಲ್ಲಿ ಹುಟ್ಟಿದ ಎನ್.ಎ.ಎ.ಸಿ.ಪಿ. ಎಂಬ ರಾಷ್ಟ್ರೀಯ ಸಂಘವನ್ನು ಸೇರಿದರು. ಊರಿನ ಸರಕಾರಿ ಶಾಲೆಗಳಲ್ಲಿ ಕಪ್ಪುಜನರನ್ನೂ ಶಿಕ್ಷಕರನ್ನಾಗಿ ನೇಮಿಸಬೇಕೆಂಬ ಮನವಿಗೆ ಮನೆಮನೆ ತಿರುಗಿ ಸಹಿ ಸಂಗ್ರಹಿಸಿದರು. 1920ರಲ್ಲಿ ಅದು ಫಲಿಸಿತು. ಅದೇ ವರ್ಷ ನೌಕಾದಳದಲ್ಲಿ ಅಡುಗೆಯವರಾಗಿದ್ದ ನೆರಿ ಕ್ಲಾರ್ಕ್ ಎಂಬವರೊಡನೆ ವಿವಾಹ. ಚೊಚ್ಚಲ ಹೆಣ್ಣುಮಗು ತಿಂಗಳು ತುಂಬುವ ಮೊದಲೇ ತೀರಿಕೊಂಡಿತು. 1925ರಲ್ಲಿ ಗಂಡುಮಗು ಹುಟ್ಟಿದ ವರ್ಷವೇ ಪತಿಯೂ ಕಾಯಿಲೆಯಿಂದ ತೀರಿಕೊಂಡರು. ಸಂಬಳ ಸಾಲದೆ ಮಗನನ್ನು ಅವನ ಅಜ್ಜ ಅಜ್ಜಿಯರ ಮನೆಯಲ್ಲಿ ಬಿಡಬೇಕಾಯಿತು. ಪರರ ಮಕ್ಕಳಿಗೆ ಪಾಠ ಹೇಳುತ್ತಲೇ ತನ್ನ ಮಗನನ್ನು ದೂರದಿಂದ ನೋಡಬೇಕಾದ ದುಃಖವನ್ನು ಲೇಖನಿ ಬಣ್ಣಿಸಲಾರದು, ನಾನು ಬಣ್ಣಿಸಹೋಗುವುದಿಲ್ಲ.

1929ರಿಂದ ಹದಿನೆಂಟು ವರ್ಷ ಆಕೆ ರಾಜಧಾನಿ ಕೊಲಂಬಿಯಾದಲ್ಲಿದ್ದರು. ಅಲ್ಲಿ ವಿಲ್ ಲೂ ಗ್ರೇ ಎಂಬ ಬಿಳಿಯ ಮಹಿಳೆ ನಡೆಸುತ್ತಿದ್ದ ವಯಸ್ಕರ ಶಿಕ್ಷಣ ಯೋಜನೆಯಲ್ಲಿ ಸೇರಿ, ಕ್ಯಾಂಪ್ ಜಾಕ್ಸನ್ ಶಿಬಿರದ ಕಪ್ಪು ಸೈನಿಕರಿಗೆ ಸಹಿ ಮಾಡುವುದನ್ನು, ಬಸ್ಸಿನ ಮೇಲಿನ ಊರ ಹೆಸರು ಓದುವುದನ್ನು ಕಲಿಸಿದರು. ಹಗಲು ಕೆಲಸ, ರಜೆಯಲ್ಲಿ ಸ್ವಂತ ಓದು. 1942ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಬಿ.ಎ., 1946ರಲ್ಲಿ ಎಂ.ಎ. ಪದವಿ. ಕಪ್ಪು ಶಿಕ್ಷಕರಿಗೂ ಬಿಳಿಯ ಶಿಕ್ಷಕರಿಗೂ ಸಮಾನ ವೇತನ ಬೇಕೆಂದು 1945ರಲ್ಲಿ ನ್ಯಾಯಾಲಯದಲ್ಲಿ ಗೆದ್ದ ಹೋರಾಟದಲ್ಲಿಯೂ ಆಕೆಯ ಪಾಲಿತ್ತು. 1947ರಲ್ಲಿ ವೃದ್ಧ ತಾಯಿಯ ಆರೈಕೆಗೆಂದು ಚಾರ್ಲ್ಸ್‌ಟನ್ನಿಗೆ ಮರಳಿದರು. ಇಷ್ಟಾದರೂ ಆಕೆಯ ವೃತ್ತಿ ಮಕ್ಕಳ ಶಾಲೆಯದೇ ಆಗಿತ್ತು. ದೊಡ್ಡವರಿಗೆ ಅಕ್ಷರ ಕಲಿಸಿದ್ದು ಬಿಡುವಿನ ಸೇವೆ. ಹೀಗೆಯೇ ನಡೆದಿದ್ದರೆ, ಆಕೆ ಪಿಂಚಣಿ ಪಡೆದು ಗೌರವದಿಂದ ನಿವೃತ್ತರಾಗಿ, ಲೋಕಕ್ಕೆ ಅಪರಿಚಿತರಾಗಿಯೇ ಉಳಿಯುತ್ತಿದ್ದರು.

1954ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿ ವರ್ಣಭೇದ ಕೂಡದೆಂದು ತೀರ್ಪಿತ್ತಿತು. ಅದರಿಂದ ಕೆರಳಿದ ದಕ್ಷಿಣ ಕೆರೊಲಿನಾದ ಶಾಸನಸಭೆ 1956ರಲ್ಲಿ, ಸರಕಾರಿ ನೌಕರರಾರೂ ಎನ್.ಎ.ಎ.ಸಿ.ಪಿ. ಸದಸ್ಯರಾಗಿರಕೂಡದೆಂದು ಕಾನೂನು ಮಾಡಿತು. ಅನೇಕ ಶಿಕ್ಷಕರು ಸದಸ್ಯತ್ವವನ್ನು ಮರೆಮಾಚಿದರು, ಕೆಲವರು ಬಿಟ್ಟರು. ಅವರನ್ನು ಹಳಿಯುವ ಅಧಿಕಾರ ನಮಗಿಲ್ಲ, ಹೊಟ್ಟೆಪಾಡು ಸಾಮಾನ್ಯವಾದದ್ದಲ್ಲ. ಸೆಪ್ಟಿಮಾ ಮರೆಮಾಚಲಿಲ್ಲ, ಬಿಡಲೂ ಇಲ್ಲ. ನಲವತ್ತು ವರ್ಷ ಸೇವೆ ಸಲ್ಲಿಸಿದ ಆಕೆಯನ್ನು ಕೆಲಸದಿಂದ ತೆಗೆದುಹಾಕಲಾಯಿತು. ಪಿಂಚಣಿಯೂ ಹೋಯಿತು. ಆಗ ಆಕೆಗೆ ಐವತ್ತೆಂಟು ವರ್ಷ.

ಈ ಸಂದರ್ಭದ ಒಂದು ಸಂಗತಿಯನ್ನು ಓದುಗರು ಗಮನವಿಟ್ಟು ಕೇಳಬೇಕು. ಈ ಕಾನೂನನ್ನು ಪ್ರತಿಭಟಿಸೋಣ ಬನ್ನಿರೆಂದು ಆಕೆ ರಾಜ್ಯದ ಕಪ್ಪು ಶಿಕ್ಷಕರಿಗೆ 726 ಪತ್ರಗಳನ್ನು ಬರೆದರು. ಉತ್ತರ ಬಂದದ್ದು ಇಪ್ಪತ್ತಾರು. ಅಧಿಕಾರಿಯನ್ನು ಕಾಣಲು ಬರುತ್ತೇವೆಂದವರು ಹನ್ನೊಂದು ಜನ. ನಿಗದಿಯಾದ ದಿನ ಬಂದವರು ಆಕೆಯೂ ಸೇರಿ ಐವರು. ಆಕೆಯ ಮಹಿಳಾ ಸಂಘದವರು ಗೌರವಾರ್ಥವಾಗಿ ಕೂಟವೊಂದನ್ನು ಏರ್ಪಡಿಸಿದರು. ಆದರೆ ಆಕೆಯ ಪಕ್ಕದಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳಲು ಯಾರೂ ಒಪ್ಪಲಿಲ್ಲ. ಚಿತ್ರ ಪತ್ರಿಕೆಯಲ್ಲಿ ಬಂದರೆ ತಮ್ಮ ಕೆಲಸಕ್ಕೂ ಕುತ್ತೆಂಬ ಭಯ.

ಬೇರೆಯವರಾಗಿದ್ದರೆ ಆ 722 ಮಂದಿಯ ಹೇಡಿತನವನ್ನು ಶಪಿಸುತ್ತಿದ್ದರೇನೊ. ಸೆಪ್ಟಿಮಾ ಅದನ್ನು ತಮ್ಮ ಜೀವನದ ದೊಡ್ಡ ಸೋಲೆಂದು ಎಣಿಸಿ, ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡರು. ಸಿದ್ಧರಾಗಿರದ ಜನರನ್ನು ತಾನು ಒಮ್ಮೆಗೇ ಮುಂದಕ್ಕೆ ತಳ್ಳಿದೆ. ಅವರನ್ನು ಮೊದಲು ಸಿದ್ಧಗೊಳಿಸಬೇಕಾಗಿತ್ತು ಎಂದು. ಮುಂದೆ ಆಕೆ ಮಾಡಿದ ಕೆಲಸವೆಲ್ಲ ಈ ಸೋಲಿನ ಗರ್ಭದಿಂದಲೇ ಹುಟ್ಟಿತೆಂದು ನನ್ನ ಭಾವನೆ.

ಕೆಲಸ ಕಳೆದುಕೊಂಡ ಆಕೆಯನ್ನು ಕರೆದು ಆಶ್ರಯವಿತ್ತದ್ದು ಟೆನೆಸ್ಸಿ ರಾಜ್ಯದ ಮಾಂಟೀಗಲ್ ಬೆಟ್ಟದಲ್ಲಿದ್ದ ಹೈಲ್ಯಾಂಡರ್ ಫೋಕ್ ಸ್ಕೂಲ್. 1932ರಲ್ಲಿ ಮೈಲ್ಸ್ ಹಾರ್ಟನ್ ಮತ್ತು ಅವರ ಗೆಳೆಯರು ಸ್ಥಾಪಿಸಿದ ಈ ಶಾಲೆಯಲ್ಲಿ ಕಪ್ಪುಜನರೂ ಬಿಳಿಯರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು, ಒಂದೇ ಸೂರಿನಡಿ ಮಲಗುತ್ತಿದ್ದರು. ಅಂದಿನ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಅದೊಂದು ಅಪರೂಪದ ಸಾಹಸ. ಸೆಪ್ಟಿಮಾ 1954ರಿಂದಲೇ ಅಲ್ಲಿಗೆ ಹೋಗಿಬರುತ್ತಿದ್ದರು. 1955ರ ಬೇಸಿಗೆಯಲ್ಲಿ ಆಕೆ ನಡೆಸಿದ ಶಿಬಿರಕ್ಕೆ ಅಲಬಾಮದಿಂದ ಮಿತಭಾಷಿಯಾದ ಮಹಿಳೆಯೊಬ್ಬರು ಬಂದಿದ್ದರು. ಅದೇ ಡಿಸೆಂಬರ್ ತಿಂಗಳಲ್ಲಿ ಬಸ್ಸಿನ ಆಸನ ಬಿಟ್ಟೇಳಲು ನಿರಾಕರಿಸಿ ಲೋಕಪ್ರಸಿದ್ಧರಾದ ರೋಸಾ ಪಾರ್ಕ್ಸ್ ಅವರೇ ಆ ಮಹಿಳೆ.

ಹೈಲ್ಯಾಂಡರಿಗೆ ಸೆಪ್ಟಿಮಾ ಕರೆದುಕೊಂಡು ಹೋದವರಲ್ಲಿ ಜಾನ್ಸ್ ದ್ವೀಪದ ಈಸಾ ಜೆಂಕಿನ್ಸ್ ಒಬ್ಬರು. ದ್ವೀಪದ ಜನರನ್ನು ದಿನವೂ ತಮ್ಮ ಬಸ್ಸಿನಲ್ಲಿ ಪಟ್ಟಣದ ಕೆಲಸಗಳಿಗೆ ಕರೆದೊಯ್ಯುತ್ತಿದ್ದ ಗೃಹಸ್ಥ. ದಕ್ಷಿಣ ಕೆರೊಲಿನಾದಲ್ಲಿ ಮತದಾರರಾಗಬೇಕಾದರೆ ರಾಜ್ಯದ ಸಂವಿಧಾನದ ಒಂದು ಭಾಗವನ್ನು ಅಧಿಕಾರಿಯೆದುರು ಓದಿ ತೋರಿಸಬೇಕಿತ್ತು. ಶಾಲೆಯನ್ನೇ ಕೊಡದೆ, ಓದಲು ಬಾರದವರಿಗೆ ಮತವಿಲ್ಲವೆನ್ನುವ ಈ ಜಾಣತನವನ್ನು ಏನೆನ್ನಬೇಕು! ಜೆಂಕಿನ್ಸರು ಸಂವಿಧಾನದ ಪ್ರತಿಗಳನ್ನು ಹಂಚಿ, ದಾರಿಯುದ್ದಕ್ಕೂ ಅದರ ಪಾಠ ಹೇಳುತ್ತಿದ್ದರು. ಆ ಬಸ್ಸಿನಲ್ಲಿ ಆಲಿಸ್ ವೈನ್ ಎಂಬ ಮಹಿಳೆ ಕೇಳಿಕೇಳಿಯೇ ಆ ಭಾಗವನ್ನು ಕಂಠಪಾಠ ಮಾಡಿದಳು. ಪರೀಕ್ಷೆಯಲ್ಲಿ ಕಾಗದ ಹಿಡಿದು ಒಪ್ಪಿಸಿ, ಮತದಾರಳೂ ಆದಳು. ಆದರೆ ಆಕೆಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ತನಗೆ ನಿಜವಾಗಿ ಓದಲು ಕಲಿಸಬೇಕೆಂದು ಕೇಳಿದಳು. ಅರ್ಥವರಿಯದೆ ಅಮರಕೋಶವನ್ನು ಒಪ್ಪಿಸಿ ಗುರುಗಳಿಂದ ಮೆಚ್ಚುಗೆ ಪಡೆದ ನಾನು, ಎಂಟು ವರ್ಷದವನಿದ್ದಾಗ ಹಾಗೆ ಕೇಳಲಿಲ್ಲ.

ಜೆಂಕಿನ್ಸರು ಹೈಲ್ಯಾಂಡರಿನವರ ಮುಂದೆ ಇಟ್ಟ ಬೇಡಿಕೆ ಇಷ್ಟೇ: ನಮ್ಮ ದ್ವೀಪಕ್ಕೊಂದು ರಾತ್ರಿಶಾಲೆ ಬೇಕು. ಅಲ್ಲಿಯ ಪ್ರಗತಿಪರ ಕ್ಲಬ್ಬಿನವರು ಹಳೆಯ ಶಾಲಾ ಕಟ್ಟಡವೊಂದನ್ನು ಹೈಲ್ಯಾಂಡರಿನ ಸಾಲದಿಂದ ಕೊಂಡರು. ಮುಂಭಾಗದಲ್ಲಿ ದಿನಸಿ ಅಂಗಡಿ, ಹಿಂಭಾಗದಲ್ಲಿ ಶಾಲೆ. ಬಿಳಿಯರ ಕಣ್ಣಿಗೆ ಬೀಳದಿರಲೆಂದು ಈ ಏರ್ಪಾಡು. ನಲವತ್ತು ವರ್ಷಗಳ ಹಿಂದೆ ದೋಣಿಯಿಂದಿಳಿದ ದ್ವೀಪಕ್ಕೇ ಸೆಪ್ಟಿಮಾ ಮತ್ತೆ ಬಂದರು.

ಶಿಕ್ಷಕರನ್ನಾಗಿ ಯಾರನ್ನು ನೇಮಿಸಬೇಕು? ಇಲ್ಲಿ ಆಕೆ ಮಾಡಿದ ನಿರ್ಧಾರ ನನ್ನಂತಹ ಪಂಡಿತರಿಗೆ ಸುಲಭವಾಗಿ ಒಪ್ಪಿಗೆಯಾಗುವಂಥದಲ್ಲ. ತರಬೇತಿ ಪಡೆದ ಶಿಕ್ಷಕರು ಬೇಡವೆಂದರು! ಅವರಿಗೆ ಕೆಲಸ ಹೋಗುವ ಭಯವೊಂದು. ತಪ್ಪು ಮಾಡಿದ ಮುದುಕರನ್ನು ಮಕ್ಕಳಂತೆ ಗದರುವ ಅಭ್ಯಾಸ ಇನ್ನೊಂದು. ಆಕೆ ಆರಿಸಿದ್ದು ತಮ್ಮ ಬಂಧುವಾದ ಬರ್ನಿಸ್ ರಾಬಿನ್ಸನ್‌ರನ್ನು. ಕೂದಲು ಒಪ್ಪ ಮಾಡುವುದು, ಬಟ್ಟೆ ಹೊಲಿಯುವುದು ಅವರ ಉದ್ಯೋಗ. ಗಿರಾಕಿಗಳೆಲ್ಲ ಕಪ್ಪುಜನರೇ ಆದ್ದರಿಂದ ಯಾವ ಬಿಳಿಯ ಯಜಮಾನನೂ ಅವರ ಅನ್ನ ಕಸಿಯುವಂತಿರಲಿಲ್ಲ. ದಿನವೆಲ್ಲ ಹೆಂಗಸರ ಮಾತು ಕೇಳುತ್ತ ಕೆಲಸ ಮಾಡುವವರಿಗೆ ಕೇಳುವ ತಾಳ್ಮೆಯೂ ಇರುತ್ತದೆ. ತಾನು ಶಿಕ್ಷಕಿಯಲ್ಲವೆಂದು ಬರ್ನಿಸ್ ಹಿಂಜರಿದರು, ಸೆಪ್ಟಿಮಾ ಬಿಡಲಿಲ್ಲ.

1957ರ ಜನವರಿ 7ರ ರಾತ್ರಿ ಮೊದಲ ‘ಪೌರತ್ವ ಶಾಲೆ’ ತೆರೆಯಿತು. ಹದಿನಾಲ್ಕು ಮಂದಿ ವಯಸ್ಕರು ಬಂದಿದ್ದರು. ಬರ್ನಿಸ್ ಚಿಕ್ಕ ಮಕ್ಕಳ ಶಾಲಾ ಪಾಠಗಳನ್ನು ತಂದಿದ್ದರು. ನಮಗೆ ಪತ್ರ ಬರೆದ ತಾಯಿ ಈ ಭಾಗವನ್ನು ಎರಡು ಸಲ ಓದಬೇಕೆಂದು ಕೋರುತ್ತೇನೆ. ಆ ಪಾಠಗಳು ಈ ಹಿರಿಯರಿಗೆ ಹೊಂದವೆಂಬುದು ಅಲ್ಲಿಯೇ ಅವರಿಗೆ ಹೊಳೆಯಿತು. ಅವನ್ನು ಬದಿಗಿಟ್ಟು, ತಾನೂ ನಿಮ್ಮೊಡನೆಯೇ ಕಲಿಯುವವಳೆಂದು ಹೇಳಿ, ಏನು ಕಲಿಯಬೇಕೆಂದು ಒಬ್ಬೊಬ್ಬರನ್ನೂ ಕೇಳಿದರು. ಒಬ್ಬರಿಗೆ ಹೆಸರು ಬರೆಯಬೇಕು. ಇನ್ನೊಬ್ಬರಿಗೆ ದೂರದಲ್ಲಿರುವ ಮಕ್ಕಳ ಕಾಗದ ಓದಬೇಕು. ಕೆಲವರಿಗೆ ಮನಿಯಾರ್ಡರ್ ತುಂಬಬೇಕು, ಅಂಚೆಯ ಮೂಲಕ ಸಾಮಾನು ತರಿಸುವ ನಮೂನೆ ಬರೆಯಬೇಕು. ಧರ್ಮಗ್ರಂಥ ಓದಬೇಕೆಂದವರೂ ಇದ್ದರು. ಆ ನಮೂನೆಗಳೇ, ಆ ಕಾಗದಗಳೇ ಪಠ್ಯಪುಸ್ತಕಗಳಾದವು. ರಟ್ಟಿನ ಮೇಲೆ ಹೆಸರು ಬರೆದುಕೊಟ್ಟು, ಕೈಗೆ ಅಕ್ಷರದ ಆಕಾರ ಒಗ್ಗುವವರೆಗೆ ಅದರ ಮೇಲೆಯೇ ತಿದ್ದಿಸುತ್ತಿದ್ದರು. ಹಗಲು ಏನು ಮಾಡಿದಿರೆಂದು ಕೇಳಿ, ಅವರು ಹೇಳಿದ್ದನ್ನು ಬರೆದು, ಅವರ ಮಾತನ್ನು ಅವರಿಂದಲೇ ಓದಿಸುತ್ತಿದ್ದರು. ಸೆಪ್ಟಿಮಾ ಹದಿನೆಂಟರ ಪ್ರಾಯದಲ್ಲಿ ಕಾಗದದ ಚೀಲಗಳ ಮೇಲೆ ಮಾಡಿದ್ದೂ ಅದನ್ನೇ ಅಲ್ಲವೆ? ಗೋಡೆಯ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ತೂಗುಹಾಕಿದ್ದರು. ಶಾಲೆ ಮುಗಿಯುವ ಹೊತ್ತಿಗೆ ಅದನ್ನು ಓದಬೇಕೆಂಬುದು ಗುರಿ. ವಾರಕ್ಕೆರಡು ರಾತ್ರಿಗಳಂತೆ, ಹೊಲದ ಕೆಲಸ ಕಡಿಮೆಯಿರುವ ಎರಡು ಮೂರು ತಿಂಗಳು ಮಾತ್ರ ಪಾಠ. ಆ ಹದಿನಾಲ್ವರೂ ಮತದಾರರಾದರು.

ಸುದ್ದಿ ನೆರೆಯ ದ್ವೀಪಗಳಾದ ವಾಡ್ಮಲಾ, ಎಡಿಸ್ಟೊಗಳಿಗೆ ಹಬ್ಬಿತು. ಅಲ್ಲಿಯವರೂ ಶಾಲೆ ಬೇಕೆಂದರು. ಆಗಿನಿಂದ ಸೆಪ್ಟಿಮಾರ ಕೆಲಸ ಶಿಕ್ಷಕರನ್ನು ತಯಾರಿಸುವುದು. ಅರ್ಹತೆ ಬಹಳ ಸರಳ. ಚೆನ್ನಾಗಿ ಗಟ್ಟಿಯಾಗಿ ಓದಬೇಕು, ಕಪ್ಪುಹಲಗೆಯ ಮೇಲೆ ಕಾಣುವಂತೆ ಬರೆಯಬೇಕು, ಊರಿನವರ ವಿಶ್ವಾಸವಿರಬೇಕು. ಎಡರುಗಳು ಬಾರದಿರಲಿಲ್ಲ. 1959ರ ಜುಲೈ 31ರ ರಾತ್ರಿ ಪೊಲೀಸರು ಹೈಲ್ಯಾಂಡರಿನ ಮೇಲೆ ದಾಳಿ ಮಾಡಿ, ಮದ್ಯ ಮುಟ್ಟದ ಈ ಅರವತ್ತೊಂದರ ಮಹಿಳೆಯನ್ನು ಮದ್ಯ ಇಟ್ಟುಕೊಂಡ ಆರೋಪದ ಮೇಲೆ ಬಂಧಿಸಿದರು. ಆರೋಪ ನಿಲ್ಲಲಿಲ್ಲ, ಆದರೆ 1961ರಲ್ಲಿ ಶಾಲೆಯನ್ನೇ ಮುಚ್ಚಿಸಲಾಯಿತು. ಅಷ್ಟರಲ್ಲಿ ಈ ಕಾರ್ಯಕ್ರಮವನ್ನು ಕಿಂಗ್‌ರ ಸಂಸ್ಥೆ ವಹಿಸಿಕೊಂಡಿತ್ತು. ಜಾರ್ಜಿಯಾದ ಡಾರ್ಚೆಸ್ಟರ್ ಕೇಂದ್ರದಲ್ಲಿ ಆಂಡ್ರ್ಯೂ ಯಂಗ್, ಡೊರೊಥಿ ಕಾಟನ್‌ರೊಡನೆ ಸೆಪ್ಟಿಮಾ ತರಬೇತಿ ಮುಂದುವರಿಸಿದರು. ಆ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಆಕೆ ಕುಳಿತರೆ, ಈಕೆ ಇಲ್ಲೇಕೆ ಎಂದು ಕೇಳುವ ಧರ್ಮಬೋಧಕರಿದ್ದರೆಂಬುದನ್ನು ಆಕೆ ನೊಂದು ಬರೆದಿದ್ದಾರೆ. ಸಮಾನತೆಗಾಗಿ ಹೋರಾಡುವವರ ಮನೆಯೊಳಗೂ ಈ ಕತ್ತಲೆ ಇರುತ್ತದೆ.

ಬ್ಯಾಂಕಿಗೆ ಹೋದ ಒಬ್ಬ ಕೂಲಿಕಾರನ ಪ್ರಸಂಗವನ್ನು ಆಕೆ ಹೇಳುತ್ತಿದ್ದರು. ಚೆಕ್ಕಿನ ಹಣ ಪಡೆಯಲು ಹೋದಾಗ, ರೂಢಿಯಂತೆ ಬಿಳಿಯ ಗುಮಾಸ್ತ ಅವನ ಪರವಾಗಿ ಗೀಟು ಹಾಕಲು ಲೇಖನಿ ಎತ್ತಿದ. ಬೇಡ, ನನ್ನ ಹೆಸರನ್ನು ನಾನೇ ಬರೆಯಬಲ್ಲೆನೆಂದು ಕೂಲಿಕಾರ ಹೇಳಿದಾಗ ಗುಮಾಸ್ತ ದಂಗುಬಡಿದು ಕುಳಿತನಂತೆ. ನಮ್ಮ ಊರಿನ ಸಹಕಾರಿ ಸಂಘದಲ್ಲಿ ಹೆಬ್ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು ಬರುತ್ತಿದ್ದ ನನ್ನ ಅಜ್ಜಿಗೆ ಅಂತಹದೊಂದು ದಿನ ಬರಲೇ ಇಲ್ಲ. ಹಾಗೊಂದು ದಿನ ತಂದುಕೊಡಬಹುದಾಗಿದ್ದ ಮೊಮ್ಮಗ ಮಠದಲ್ಲಿ ಸಂಧಿಸಮಾಸಗಳನ್ನು ಬಿಡಿಸುತ್ತಿದ್ದ.

1957ರಿಂದ 1970ರವರೆಗೆ ದಕ್ಷಿಣದ ಸಂಸ್ಥಾನಗಳಲ್ಲಿ 897 ಪೌರತ್ವ ಶಾಲೆಗಳು ನಡೆದವೆಂದು ಸೆಪ್ಟಿಮಾ ಲೆಕ್ಕ ಕೊಟ್ಟಿದ್ದಾರೆ. ಅಡುಗೆಮನೆಗಳಲ್ಲಿ, ಮರದ ನೆರಳಿನಲ್ಲಿ, ಕೂದಲು ಒಪ್ಪ ಮಾಡುವ ಅಂಗಡಿಗಳಲ್ಲಿ ಅವು ನಡೆದವು. 1965ರ ಮತದಾನ ಹಕ್ಕಿನ ಕಾನೂನು ಆ ಕುಟಿಲವಾದ ಓದಿನ ಪರೀಕ್ಷೆಯನ್ನು ನಿಲ್ಲಿಸಿತು. ಆಗ ಮತದಾರರ ಪಟ್ಟಿಗೆ ಹೆಸರು ಬರೆಸಲು ಊರೂರುಗಳಲ್ಲಿ ಮುಂದಾದವರಲ್ಲಿ ಈ ಶಾಲೆಗಳಲ್ಲಿ ಕಲಿತವರೂ ಕಲಿಸಿದವರೂ ಅನೇಕರಿದ್ದರು. ಉತ್ತರವೇ ಬಾರದ 700 ಪತ್ರಗಳ ಕಾಲದಲ್ಲಿ ಇಂತಹ ಜನ ಸಿದ್ಧರಿರಲಿಲ್ಲ.

1970ರಲ್ಲಿ ಆಕೆ ಸಂಸ್ಥೆಯ ಕೆಲಸದಿಂದ ನಿವೃತ್ತರಾದರು. ಕಸಿದುಕೊಂಡ ಪಿಂಚಣಿಗಾಗಿ ಪಟ್ಟುಬಿಡದೆ ಕೇಳಿದರು. ಇಪ್ಪತ್ತು ವರ್ಷಗಳ ತರುವಾಯ, 1976ರಲ್ಲಿ, ರಾಜ್ಯ ಅದನ್ನು ಹಿಂದಿರುಗಿಸಿತು. ಅದಕ್ಕೂ ಮೊದಲೇ, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಚಾರ್ಲ್ಸ್‌ಟನ್ ಕೌಂಟಿಯ ಶಾಲಾ ಮಂಡಳಿಯ ಚುನಾವಣೆಗೆ ನಿಂತು ಗೆದ್ದಿದ್ದರು. ಹದಿನೆಂಟರಲ್ಲಿ ಶಿಕ್ಷಕಿಯಾಗಲು ತಾಣವಿಲ್ಲದಿದ್ದ, ಐವತ್ತೆಂಟರಲ್ಲಿ ಹೊರಹಾಕಿಸಿಕೊಂಡ ಊರಿನಲ್ಲಿ, ಶಿಕ್ಷಕರ ನೇಮಕದ ಕಡತಗಳು ಈಗ ಆಕೆಯ ಮೇಜಿನ ಮೇಲೂ ಬರತೊಡಗಿದವು. 1987ರ ಡಿಸೆಂಬರ್ 15ರಂದು, ದೋಣಿಯಿಂದಿಳಿದು ಪಾಠ ಹೇಳಲಾರಂಭಿಸಿದ ಆ ಜಾನ್ಸ್ ದ್ವೀಪದಲ್ಲಿಯೇ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ಆಕೆ ಕಣ್ಣುಮುಚ್ಚಿದರು.

ಪತ್ರ ಬರೆದ ಶಿಕ್ಷಕಿಯವರಿಗೆ ಒಂದು ಕೋರಿಕೆ: ಆ ನಾಲ್ಕಾರು ಹೆಂಗಸರನ್ನು ಮತ್ತೊಮ್ಮೆ ಕರೆದಾಗ ಅವರು ಏನನ್ನು ಓದಬೇಕೆಂದು ಕೇಳಿದರೆಂಬುದನ್ನು ನನಗೆ ತಪ್ಪದೆ ತಿಳಿಸಬೇಕು.